ಕೊಡಗಿನ ಮನೆ, ಬಾಡಿಗೆಯ ನೆಂಟರು

ಮೈಸೂರನ್ನು ಬಿಟ್ಟು ಹುಣಸೂರು, ಪಿರಿಯಾಪಟ್ಟಣಗಳನ್ನು ಹಿಂದೆ ಹಾಕಿ, ಕುಶಾಲನಗರದ ಬಳಿ ಕಾವೇರಿಯ ಸೇತುವೆಯನ್ನು ದಾಟಿದೊಡನೆ ನಾಡಿನ ಮುಖಚರ್ಯೆಯೇ ಬದಲಾಗುತ್ತದೆ. ಸುಂಟಿಕೊಪ್ಪವನ್ನು ಕಳೆದ ಮೇಲಂತೂ ರಸ್ತೆಯ ಇಕ್ಕೆಲಗಳಲ್ಲಿಯೂ ಎತ್ತರದ ಸಿಲ್ವರ್ ಓಕ್ ಮರಗಳು, ಅವುಗಳ ಮೈಯನ್ನು ಅಪ್ಪಿ ಹತ್ತಿದ ಮೆಣಸಿನ ಬಳ್ಳಿಗಳು, ಬುಡದ ನೆರಳಿನಲ್ಲಿ ದಟ್ಟವಾಗಿ ಬೆಳೆದು ನಿಂತ ಕಾಫಿ ಗಿಡಗಳು. ಹಾದಿ ತಿರುವಿನ ಮೇಲೆ ತಿರುವನ್ನು ತೆಗೆದುಕೊಳ್ಳುತ್ತ ಮಡಿಕೇರಿಯ ಕಡೆಗೆ ಏರುತ್ತದೆ. ಈ ಹಸುರಿನ ನಡುವೆ ಪ್ರಯಾಣಿಕನ ಕಣ್ಣನ್ನು ಮತ್ತೆ ಮತ್ತೆ ಸೆಳೆಯುವ ವಸ್ತು ಇನ್ನೊಂದಿದೆ: ತೋಟದ ಗೇಟುಗಳ ಪಕ್ಕದಲ್ಲಿ ನೆಟ್ಟಿರುವ ‘ಹೋಂಸ್ಟೇ’ ಎಂಬ ಫಲಕ. ಕೆಲವು ತಿರುವುಗಳಲ್ಲಿ ಇಂತಹ ನಾಲ್ಕೈದು ಫಲಕಗಳು ಒಂದೇ ಕಂಬವನ್ನು ಹಂಚಿಕೊಂಡಿರುತ್ತವೆ.

ಕೊಡಗಿಗೆ ಹೋಗಿಬಂದವರು ಅಬ್ಬಿ ಜಲಪಾತವನ್ನೂ ರಾಜಾಸೀಟಿನ ಸೂರ್ಯಾಸ್ತವನ್ನೂ ತಲಕಾವೇರಿಯನ್ನೂ ಕುರಿತು ಬೇಕಾದಷ್ಟು ಬರೆದಿದ್ದಾರೆ. ಆದರೆ ರಾತ್ರಿ ತಾವು ಮಲಗಿದ ಮನೆಯನ್ನು ಕುರಿತು ಬರೆದವರು ಕಡಮೆ. ಆ ಮನೆಯ ದೀಪ ಹೇಗೆ ಉರಿಯುತ್ತದೆ, ಬಿಸಿನೀರು ಎಲ್ಲಿಂದ ಬರುತ್ತದೆ, ನಾವು ಕೊಟ್ಟ ಹಣದಲ್ಲಿ ಮನೆಯವರಿಗೆ ಉಳಿಯುವುದೆಷ್ಟು, ಉಳಿಯದಿದ್ದರೂ ಅವರು ಇದನ್ನೇಕೆ ನಡೆಸುತ್ತಾರೆ? ಇವು ಜಲಪಾತದಷ್ಟು ರಮ್ಯವಾದ ಪ್ರಶ್ನೆಗಳಲ್ಲದಿರಬಹುದು. ಆದರೂ ಈ ನಾಡಿನ ಇಂದಿನ ಬದುಕನ್ನು ಅರಿಯಬೇಕೆನ್ನುವವರಿಗೆ ಇವುಗಳಿಗಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ. ನಿವೃತ್ತಿಯ ಹಣದಲ್ಲಿ ಕೊಡಗಿನಲ್ಲೊಂದು ಮನೆಯನ್ನು ಕೊಂಡು ‘ಹೋಂಸ್ಟೇ’ ನಡೆಸಬೇಕೆಂದು ಕನಸು ಕಾಣುವವರು ನಮ್ಮ ನಗರಗಳಲ್ಲಿ ಹೆಚ್ಚುತ್ತಿರುವ ಈ ದಿನಗಳಲ್ಲಿ ಆ ಬಾಗಿಲನ್ನು ಒಮ್ಮೆ ತೆರೆದು ನೋಡುವುದು ಲೇಸು.

‘ಅತಿಥಿ’ ಎಂಬ ಮಾತಿಗೆ ಪಂಡಿತರು ಹೇಳುವ ಒಂದು ಅರ್ಥ, ತಿಥಿಯನ್ನು ಗೊತ್ತುಮಾಡಿಕೊಳ್ಳದೆ ಬರುವವನು ಎಂದು. ಇಂದಿನ ಅತಿಥಿಯಾದರೋ ಬರುವ ದಿನವನ್ನೂ ಹೊರಡುವ ಗಂಟೆಯನ್ನೂ ತಿಂಗಳ ಮೊದಲೇ ನಿಶ್ಚಯಿಸಿ, ಮುಂಗಡವನ್ನೂ ಕಳುಹಿಸಿ, ಮನೆಯ ಛಾಯಾಚಿತ್ರಗಳನ್ನೆಲ್ಲ ಕೈಯಲ್ಲಿರುವ ಫೋನಿನಲ್ಲಿ ನೋಡಿಕೊಂಡೇ ಬರುತ್ತಾನೆ. ವ್ಯಾಕರಣದ ದೃಷ್ಟಿಯಿಂದ ಅವನು ಅತಿಥಿಯೇ ಅಲ್ಲ! ಆದರೆ ಅವನು ಬಯಸುವುದು ಮಾತ್ರ ಹಳೆಯ ಅತಿಥಿಗೆ ಸಲ್ಲುತ್ತಿದ್ದ ಉಪಚಾರವನ್ನೇ. ಹೋಂಸ್ಟೇ ನಡೆಸುವವರ ಕಷ್ಟಸುಖಗಳೆಲ್ಲ ಈ ವಿರೋಧದಲ್ಲಿಯೇ ಅಡಗಿವೆ.

ಐನ್‌ಮನೆಯಿಂದ ಹೋಂಸ್ಟೇಗೆ

ಕೊಡವರಲ್ಲಿ ಒಂದೊಂದು ಒಕ್ಕಕ್ಕೂ ಒಂದೊಂದು ಮೂಲಮನೆಯುಂಟು. ಅದೇ ಐನ್‌ಮನೆ. ಗದ್ದೆಯ ಬಯಲನ್ನು ನೋಡುವಂತೆ ಎತ್ತರದ ಜಾಗದಲ್ಲಿ ಕಟ್ಟಿದ ಈ ಮನೆಗಳ ಮುಂದುಗಡೆ ಕೈಯಾಲೆ ಎಂಬ ಜಗಲಿ. ಅದರ ಕಂಬಗಳ ನಡುವೆ ಐಮರ ಎಂಬ ದಪ್ಪ ಹಲಗೆಯ ಆಸನ. ಒಳಗೆ ದೀಪವನ್ನು ತೂಗಿಬಿಟ್ಟ ನೆಲ್ಲಕ್ಕಿ ನಡುಬಾಡೆ. ಬಂದವರು ಮೊದಲು ಕೂರುವುದು ಕೈಯಾಲೆಯಲ್ಲಿ. ಪುತ್ತರಿಯಂತಹ ಹಬ್ಬಗಳಲ್ಲಿ ಊರೂರಿಗೆ ಚದರಿಹೋದ ಒಕ್ಕದ ಮಕ್ಕಳೆಲ್ಲ ಈ ಮನೆಗೆ ಮರಳುತ್ತಾರೆ. ಹತ್ತಾರು ಜನರಿಗೆ ಏಕಕಾಲದಲ್ಲಿ ಉಣ್ಣಲಿಕ್ಕಿ, ಹಾಸಿಗೆ ಹಾಸಿಕೊಡುವುದು ಇಲ್ಲಿನ ಗೃಹಿಣಿಯರಿಗೆ ಹೊಸದಲ್ಲ. ಹೋಂಸ್ಟೇ ಎಂಬ ಇಂಗ್ಲಿಷ್ ಹೆಸರು ಬರುವುದಕ್ಕೆ ಮುಂಚೆಯೇ ಅದಕ್ಕೆ ಬೇಕಾದ ಕೈಗುಣ ಈ ಮನೆಗಳಲ್ಲಿತ್ತು.

ಆ ಕೈಗುಣವನ್ನು ಹಣಕ್ಕೆ ಕೊಡುವ ಸಂದರ್ಭ ಒದಗಿದ್ದು ಕಾಫಿಯ ದೆಸೆಯಿಂದ. ಕೊಡಗಿನಲ್ಲಿ ಯೂರೋಪಿಯನ್ನರ ಕಾಫಿ ತೋಟಗಳು 1854ರಿಂದ ಮೊದಲಾದವು. ಇಂದು ಇಡೀ ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಪುಟ್ಟ ಜಿಲ್ಲೆಯದೇ. ಬಹುಕಾಲ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಿ, ಅದು ಕಂತುಕಂತಾಗಿ ಕೊಟ್ಟ ಹಣವನ್ನು ಪಡೆಯುತ್ತಿದ್ದನು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ನಿಂತುಹೋದವು. 1990ರ ದಶಕದಲ್ಲಿ ಮಂಡಳಿಯ ಏಕಸ್ವಾಮ್ಯವೂ ಕೊನೆಗೊಂಡು ಬೆಳೆಗಾರನು ನೇರವಾಗಿ ಲೋಕದ ಮಾರುಕಟ್ಟೆಗೆ ಮುಖಾಮುಖಿಯಾದನು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಸುಟ್ಟಾಗ ಇಲ್ಲಿ ಬೆಲೆ ಏರಿತು. ಅಲ್ಲಿ ಬೆಳೆ ಚೇತರಿಸಿಕೊಂಡು, ವಿಯಟ್ನಾಮಿನ ಕಾಫಿಯೂ ಪ್ರವಾಹದಂತೆ ಹರಿದುಬಂದಾಗ, 2001–02ರ ಹೊತ್ತಿಗೆ ಬೆಲೆ ಪಾತಾಳಕ್ಕೆ ಇಳಿಯಿತು. ಸಣ್ಣ ಬೆಳೆಗಾರರ ಪಾಲಿಗೆ ಗಿಡದಿಂದ ಹಣ್ಣನ್ನು ಕೀಳಿಸುವ ಕೂಲಿಯೂ ಭಾರವಾದ ವರ್ಷಗಳವು.

ಮನೆಯಲ್ಲಿ ಕೋಣೆಗಳು ಖಾಲಿಯಿದ್ದವು. ಮಕ್ಕಳು ಬೆಂಗಳೂರಿನಲ್ಲಿಯೋ ಸೈನ್ಯದಲ್ಲಿಯೋ ಹೊರದೇಶದಲ್ಲಿಯೋ ಇದ್ದರು. ಇತ್ತ ಬೆಂಗಳೂರಿನಲ್ಲಿ ಕೈತುಂಬ ಸಂಬಳ ಪಡೆದು, ಶನಿವಾರ ಭಾನುವಾರಗಳನ್ನು ಎಲ್ಲಿ ಕಳೆಯೋಣವೆಂದು ಹುಡುಕುವ ತರುಣರ ಒಂದು ಹೊಸ ವರ್ಗವೇ ಹುಟ್ಟಿತ್ತು. ಇವೆರಡೂ ಕೂಡಿದ್ದರಿಂದ ಹೋಂಸ್ಟೇ ಬೆಳೆಯಿತು. ‘ಕಾಫಿ ಕೈಬಿಟ್ಟಾಗ ನೆಂಟರು ಕೈಹಿಡಿದರು, ಮೇಷ್ಟ್ರೇ. ಇವರಿಲ್ಲದಿದ್ದರೆ ಕೆಳಗಿನ ತೋಟವನ್ನು ಮಾರಿಬಿಡುತ್ತಿದ್ದೆವು,’ ಎಂದು ನಾಪೋಕ್ಲಿನ ಕಡೆ ನಾನು ಇಳಿದುಕೊಂಡಿದ್ದ ಮನೆಯ ಯಜಮಾನರು ಹೇಳಿದರು. ‘ನೆಂಟರು’ ಎಂದೇ ಅವರು ತಮ್ಮ ಬಾಡಿಗೆಯ ಅತಿಥಿಗಳನ್ನು ಕರೆಯುತ್ತಿದ್ದುದು.

ಮನೆಯ ಪಂಚಾಂಗ

ವರ್ಷದ ಮುನ್ನೂರ ಅರವತ್ತೈದು ದಿನವೂ ಕೋಣೆ ತುಂಬಿರುತ್ತದೆಂದು ಎಣಿಸುವವನು ಕೊಡಗಿನ ಪಂಚಾಂಗವನ್ನು ತಿಳಿಯದವನು. ಇಲ್ಲಿಗೆ ರೈಲಿಲ್ಲ, ಜಿಲ್ಲೆಯೊಳಗೆ ವಿಮಾನ ನಿಲ್ದಾಣವಿಲ್ಲ. ಬರುವವರೆಲ್ಲ ರಸ್ತೆಯಿಂದಲೇ ಬರಬೇಕು. ಬೆಂಗಳೂರಿನಿಂದ ಐದಾರು ಗಂಟೆಯ ಹಾದಿ. ಆದುದರಿಂದ ಶುಕ್ರವಾರದ ರಾತ್ರಿ ಹೊರಟು ಭಾನುವಾರ ಮಧ್ಯಾಹ್ನ ಹಿಂದಿರುಗುವವರೇ ಹೆಚ್ಚು. ಸೋಮವಾರದಿಂದ ಗುರುವಾರದವರೆಗೆ ಮನೆ ತನ್ನ ಪಾಡಿಗೆ ತಾನಿರುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲ. ಕೊಡಗಿನ ಮಳೆಯೆಂದರೆ ಬಯಲುಸೀಮೆಯವರು ಊಹಿಸುವ ಮಳೆಯಲ್ಲ. ಹಾಸಿಗೆಯ ಹೊದಿಕೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಎರಡು–ಮೂರು ದಿನ ವಿದ್ಯುತ್ತೇ ಇಲ್ಲ, ತೋಟಕ್ಕೆ ಕಾಲಿಟ್ಟರೆ ಜಿಗಣೆ. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸದಲ್ಲಿ ಮಾಡಿದ ಪಾಯಸವನ್ನು ಸವಿಯುವ ಭಾಗ್ಯ ಈ ಮಳೆಗೆ ಹೆದರದೆ ಬಂದವರಿಗೆ ಮಾತ್ರ.

ಮಳೆ ಹಿಂದೆಗೆದ ಮೇಲೆ ಮಡಿಕೇರಿಯ ದಸರೆ, ಅಕ್ಟೋಬರ್ ನಡುವೆ ತಲಕಾವೇರಿಯ ತುಲಾಸಂಕ್ರಮಣ, ಅದರ ಬೆನ್ನಿಗೆ ಕ್ರಿಸ್ಮಸ್ ಮತ್ತು ಹೊಸವರ್ಷದ ರಜೆ. ಇದೇ ಸುಗ್ಗಿ. ಆದರೆ ಇದೇ ಹೊತ್ತಿಗೆ ತೋಟದ ಸುಗ್ಗಿಯೂ ಮೊದಲಾಗುತ್ತದೆ. ವರ್ಷದ ಕೊನೆಯಲ್ಲಿ ಅರೇಬಿಕಾ ಕಾಫಿಯ ಕೊಯ್ಲು. ಹೊಸವರ್ಷ ಹುಟ್ಟಿದ ಮೇಲೆ ರೋಬಸ್ಟಾ ಕಾಫಿಯದು. ಕಣದಲ್ಲಿ ಹರವಿದ ಹಣ್ಣನ್ನು ಹಗಲೆಲ್ಲ ಕೈಯಾಡಿಸಬೇಕು, ಸಂಜೆ ಗುಡ್ಡೆಮಾಡಿ ಮುಚ್ಚಬೇಕು; ಆಳುಗಳ ಲೆಕ್ಕ ಬರೆದು ಬಟವಾಡೆ ಮಾಡಬೇಕು. ಮನೆಯೊಡತಿ ಕಣದಲ್ಲಿರಬೇಕಾದ ಗಳಿಗೆಯಲ್ಲಿಯೇ ಎಂಟು ಜನ ನೆಂಟರು ಬಿಸಿ ಅಕ್ಕಿರೊಟ್ಟಿಗಾಗಿ ಕಾದು ಕುಳಿತಿರುತ್ತಾರೆ. ಹೀಗಾಗಿ ಡಿಸೆಂಬರಿನಲ್ಲಿ ಫಲಕವನ್ನು ತೆಗೆದಿರಿಸಿ, ಮಾರ್ಚಿಯಲ್ಲಿ ಮತ್ತೆ ತೂಗಹಾಕುವ ಮನೆಗಳೂ ಉಂಟು. ಮಾರ್ಚಿ–ಏಪ್ರಿಲಿನಲ್ಲಿ ಹೂಮಳೆ ಬಿದ್ದು ಒಂದು ವಾರ ಕಳೆದರೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು, ಮಲ್ಲಿಗೆಯನ್ನು ಹೋಲುವ ಪರಿಮಳ ಮನೆಯೊಳಕ್ಕೂ ಬರುತ್ತದೆ. ಕೊಡಗಿಗೆ ಹೋಗಬೇಕಾದ ಕಾಲವೆಂದರೆ ಅದು. ಆದರೆ ಶಾಲೆಯ ಪರೀಕ್ಷೆಗಳ ದೆಸೆಯಿಂದ ನಮ್ಮ ಸಂಸಾರವಂದಿಗರಿಗೆ ಅದು ತಪ್ಪಿಹೋಗುವುದೇ ಹೆಚ್ಚು.

ಜಮಾ ಮತ್ತು ಖರ್ಚು

ಈ ಉದ್ಯೋಗದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಇದು ಯಾರದೋ ಮನೆಯ ಖಾತೆಯ ಪುಸ್ತಕವಲ್ಲ. ಕಾಗದದ ಮೇಲೆ ನಾವೇ ಕಲ್ಪಿಸಿಕೊಂಡ ಮನೆ. ಎರಡು ಕೋಣೆಗಳಿವೆಯೆನ್ನೋಣ. ಇಬ್ಬರಿಗೆ ರಾತ್ರಿಯ ಊಟ, ಬೆಳಗಿನ ತಿಂಡಿ ಸಹಿತ ದಿನಕ್ಕೆ 4,000 ರೂಪಾಯಿ. ಮಳೆಗಾಲವನ್ನೂ ಕೊಯ್ಲಿನ ವಾರಗಳನ್ನೂ ಕಳೆದರೆ ವಾರಾಂತ್ಯ ಹಾಗೂ ಹಬ್ಬದ ರಜೆಗಳು ಸೇರಿ ವರ್ಷಕ್ಕೆ ಎಂಬತ್ತು ರಾತ್ರಿಗಳು ಸಿಕ್ಕಬಹುದು. ಎರಡು ಕೋಣೆಗೆ ನೂರ ಅರವತ್ತಾಯಿತು. ಅದರಲ್ಲಿ ಮುಕ್ಕಾಲು ಪಾಲು ತುಂಬಿದರೆ ನೂರ ಇಪ್ಪತ್ತು. ಜಮಾ 4,80,000 ರೂಪಾಯಿ. ಕೇಳುವುದಕ್ಕೆ ಇಂಪಾದ ಮೊತ್ತವೇ.

ಇನ್ನು ಖರ್ಚಿನ ಕಡೆಗೆ ತಿರುಗೋಣ. ಬಂದವರಲ್ಲಿ ಅರ್ಧ ಜನ ಅಂತರಜಾಲದ ಮಧ್ಯಸ್ಥ ಕಂಪೆನಿಗಳ ಮೂಲಕ ಬಂದರೆ, ಅವರ ದಲ್ಲಾಳಿ ನೂರಕ್ಕೆ ಹದಿನೈದರಂತೆ 36,000. ಕೋಳಿ, ಹಂದಿ, ಮೀನು, ಹಾಲು, ಅಡುಗೆಯ ಅನಿಲ ಎಲ್ಲ ಸೇರಿ ಜೋಡಿಗೆ 900ರಂತೆ 1,08,000. ಕೆಲಸಕ್ಕೆ ಒಬ್ಬರು ಸಹಾಯಕರು ತಿಂಗಳಿಗೆ 10,000 ಎಂದರೂ 1,20,000. ನೆಂಟರಿಲ್ಲದ ತಿಂಗಳಿನಲ್ಲಿಯೂ ಅವರ ಹೊಟ್ಟೆ ನಡೆಯಬೇಕಷ್ಟೆ. ಹೊದಿಕೆ, ದಿಂಬಿನ ಚೀಲಗಳ ಒಗೆತ, ಸಾಬೂನು ಇತ್ಯಾದಿ 24,000. ವಿದ್ಯುತ್ತು, ಜನರೇಟರಿನ ಡೀಸೆಲ್ಲು, ಅಂತರಜಾಲದ ಚಂದಾ ಸೇರಿ 42,000. ಮಳೆಗಾಲ ಮುಗಿದ ಮೇಲೆ ಹೆಂಚು ಕೈಯಾಡಿಸುವುದು, ಸುಣ್ಣಬಣ್ಣ, ಕೆಟ್ಟ ಗೀಸರಿನ ದುರಸ್ತಿ, ಹಾಸಿಗೆಯ ಬದಲಾವಣೆ 60,000. ಒಟ್ಟು 3,90,000. ಉಳಿದದ್ದು 90,000, ತಿಂಗಳಿಗೆ 7,500. ಮನೆಯೊಡತಿಯ ದುಡಿಮೆಗೆ ಈ ಲೆಕ್ಕದಲ್ಲಿ ಒಂದು ಕಾಸನ್ನೂ ಹಾಕಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅಜ್ಜನ ಕಾಲದ ಮನೆ ಇದ್ದು, ಸಾಲವಿಲ್ಲದಿದ್ದರೆ ಈ 90,000 ಸಣ್ಣ ವರವೇ. ಮನೆಯ ಹೆಂಚು ಸೋರದಂತೆ ನೋಡಿಕೊಳ್ಳುವುದಕ್ಕೆ, ಕಾಫಿಯ ಬೆಲೆ ಬಿದ್ದ ವರ್ಷ ಗೊಬ್ಬರಕ್ಕೆ ಕೈಸಾಲ ಮಾಡದಿರುವುದಕ್ಕೆ ಅಷ್ಟು ಸಾಕು. ಆದರೆ ಇದೇ ಎರಡು ಕೋಣೆಗಳನ್ನು ಇಪ್ಪತ್ತು ಲಕ್ಷ ಸಾಲ ಮಾಡಿ ಹೊಸದಾಗಿ ಕಟ್ಟಿದ್ದರೆ? ನೂರಕ್ಕೆ ಹತ್ತರಂತೆ ಬಡ್ಡಿಯೇ ವರ್ಷಕ್ಕೆ ಎರಡು ಲಕ್ಷ. ಆಗ ಬಡ್ಡಿಯನ್ನು ತುಂಬಲು ಎರಡು ಕೋಣೆ ನಾಲ್ಕಾಗಬೇಕು, ನಾಲ್ಕು ಎಂಟಾಗಬೇಕು. ಎಂಟಾದ ಮೇಲೆ ಮನೆಯೊಡತಿಯ ಕೈ ಸಾಲದೆ ಮ್ಯಾನೇಜರು ಬರಬೇಕು. ಮ್ಯಾನೇಜರು ಬಂದ ದಿನವೇ ಅದು ಮನೆಯೆಂಬ ಹೆಸರನ್ನು ಕಳೆದುಕೊಳ್ಳುತ್ತದೆ.

ಮನೆಯೊಡತಿಯ ದಿನಚರಿ

ಹೋಂಸ್ಟೇಯ ಯಜಮಾನರು ನೆಂಟರನ್ನು ಗೇಟಿನಲ್ಲಿ ಎದುರುಗೊಂಡು, ತೋಟವನ್ನು ಸುತ್ತಾಡಿಸಿ, ರೋಬಸ್ಟಾಕ್ಕೂ ಅರೇಬಿಕಾಕ್ಕೂ ಇರುವ ಭೇದವನ್ನು ಎಲೆಯನ್ನು ಹಿಡಿದು ತೋರಿಸುತ್ತಾರೆ. ಛಾಯಾಚಿತ್ರಗಳಲ್ಲಿ ಬರುವವರೂ ಅವರೇ. ಆದರೆ ಮನೆಯನ್ನು ನಿಜವಾಗಿ ನಡೆಸುವವಳು ಒಳಗಿರುತ್ತಾಳೆ. ಬಂದ ಹುಡುಗಹುಡುಗಿಯರೆಲ್ಲ ಆಕೆಯನ್ನು ‘ಆಂಟಿ’ ಎಂದು ಕರೆಯುತ್ತಾರೆ. ಬೆಳಗಿನ ಐದೂವರೆಗೆ ಆಂಟಿಯ ಒಲೆ ಹೊತ್ತುತ್ತದೆ; ರಾತ್ರಿ ಕೊನೆಯ ನೆಂಟರು ಬೆಂಕಿಯ ಸುತ್ತ ಹಾಡಿ ದಣಿದು ಎದ್ದ ಮೇಲೆ ಆರುತ್ತದೆ.

ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ, ಮಳೆಗಾಲದಲ್ಲಿ ಕಣಿಲೆಯ ಪಲ್ಯ. ಇವನ್ನು ಉಣ್ಣುವುದಕ್ಕೆಂದೇ ಬರುವವರಿದ್ದಾರೆ. ಹಾಗೆಯೇ ಬೆಳ್ಳುಳ್ಳಿಯನ್ನೂ ಮುಟ್ಟದವರು, ಮಕ್ಕಳಿಗೆ ಮೊಸರನ್ನವೇ ಬೇಕೆನ್ನುವವರು, ರಾತ್ರಿ ಹತ್ತಕ್ಕೆ ಬಂದು ಚಪಾತಿ ಕೇಳುವವರೂ ಬರುತ್ತಾರೆ. ಅನುಭವಸ್ಥ ಗೃಹಿಣಿಯರು ಊಟದ ವಿಚಾರವನ್ನು ಮುಂಗಡ ಪಡೆಯುವಾಗಲೇ ಫೋನಿನಲ್ಲಿ ಕೇಳಿಬಿಡುತ್ತಾರೆ: ಎಷ್ಟು ಜನ, ಎಷ್ಟು ಹೊತ್ತಿಗೆ, ಮಾಂಸಾಹಾರವೋ ಸಸ್ಯಾಹಾರವೋ. ಮಾರುಕಟ್ಟೆ ಹತ್ತು–ಹದಿನೈದು ಮೈಲಿ ದೂರವಿರುವ ಜಾಗದಲ್ಲಿ ಮರೆತ ಒಂದು ಪೊಟ್ಟಣ ಮೈದಾ ಕೂಡ ದೊಡ್ಡ ಪ್ರಯಾಣವಾಗುತ್ತದೆ.

ನೀರಿನ ಮಾತು ಬೇರೆಯೇ ಹೇಳಬೇಕು. ಇಷ್ಟು ಮಳೆ ಬೀಳುವ ನಾಡಿನಲ್ಲಿ ನೀರಿಗೇನು ಕೊರತೆಯೆಂದು ನಾವು ಭಾವಿಸುತ್ತೇವೆ. ಮಳೆಯ ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಮಾರ್ಚಿ–ಏಪ್ರಿಲ್ ಹೊತ್ತಿಗೆ ತೋಡು ಬತ್ತಿ, ಕೆರೆಯ ನೀರೆಲ್ಲ ಕಾಫಿಗೆ ಹೂಮಳೆಯ ಬದಲು ಸಿಂಪಡಿಸುವುದಕ್ಕೆ ಬೇಕಾಗುತ್ತದೆ. ಅದೇ ವೇಳೆಗೆ ಬೇಸಗೆಯ ರಜೆಯ ನೆಂಟರು ಬಂದು ದಿನಕ್ಕೆ ಎರಡು ಬಾರಿ ತುಂತುರು ಸ್ನಾನ ಮಾಡುತ್ತಾರೆ. ಹಂಡೆಯ ಕೆಳಗೆ ಕಾಫಿ ಕಟ್ಟಿಗೆ ಉರಿಸಿ ಕಾಯಿಸಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಮಿಂದರೆ ಒಂದು ಕೊಡಪಾನದಲ್ಲಿ ಮುಗಿಯುವ ಸ್ನಾನ, ತುಂತುರಿನ ಕೆಳಗೆ ನಿಂತರೆ ಮೂರು–ನಾಲ್ಕು ಕೊಡವನ್ನು ನುಂಗುತ್ತದೆ. ಕೆಲವು ಮನೆಗಳವರು ಹಂಡೆಯನ್ನೇ ಉಳಿಸಿಕೊಂಡಿದ್ದಾರೆ. ನೆಂಟರೂ ಅದನ್ನು ಹಳ್ಳಿಯ ಸೊಗಸೆಂದು ಮೆಚ್ಚಿಕೊಳ್ಳುತ್ತಾರೆ. ಇಬ್ಬರಿಗೂ ಲಾಭ.

ಶುಚಿತ್ವ, ಬಿಸಿನೀರು, ಸಮಯಕ್ಕೆ ಊಟ ಈ ಮೂರೂ ಸರಿಯಾಗಿದ್ದರೆ ಉಳಿದ ಕುಂದುಗಳನ್ನು ನೆಂಟರು ಕ್ಷಮಿಸುತ್ತಾರೆಂದು ಆ ಮನೆಯೊಡತಿ ನನಗೆ ಹೇಳಿದರು. ‘ಕ್ಷಮಿಸದವರು?’ ಎಂದು ಕೇಳಿದೆ. ‘ಫೋನಿನಲ್ಲಿ ಒಂದು ನಕ್ಷತ್ರ ಕಡಮೆ ಕೊಟ್ಟು ಹೋಗುತ್ತಾರೆ,’ ಎಂದು ನಕ್ಕರು. ಕಂಡರಿಯದವರು ಊರು ಸೇರಿದ ಮೇಲೆ ಬರೆಯುವ ನಾಲ್ಕು ಸಾಲು ಮುಂದಿನ ತಿಂಗಳ ಕೋಣೆಯನ್ನು ತುಂಬಿಸಬಲ್ಲುದು, ಬರಿದು ಮಾಡಬಲ್ಲುದು. ಆದುದರಿಂದ ನಡೆಯಬಾರದ್ದನ್ನು ನೆಂಟರು ಬರುವ ಮೊದಲೇ ಬರೆದು ತಿಳಿಸುವುದು ಜಾಣತನ. ರಾತ್ರಿ ಹತ್ತರ ಮೇಲೆ ಹಾಡಿನ ಪೆಟ್ಟಿಗೆಯ ಗದ್ದಲ ಬೇಡ. ಕತ್ತಲಾದ ಮೇಲೆ ಒಬ್ಬರೇ ತೋಟಕ್ಕೆ ಇಳಿಯುವುದು ಬೇಡ, ಆನೆಗಳು ಅಡ್ಡಾಡುವ ಜಾಗ. ದೇವರ ಕಾಡಿನೊಳಕ್ಕೆ ಪಾದರಕ್ಷೆ ಬೇಡ. ನಾಚಿಕೆಯಿಂದ ಹೇಳದೆ ಬಿಟ್ಟ ಮಾತು ಮಧ್ಯರಾತ್ರಿ ಜಗಳವಾಗಿ ಹೊರಬರುತ್ತದೆ.

ಕಾನೂನು ಕಟ್ಟಳೆ

ಮನೆಯಲ್ಲಿ ನಾಲ್ವರು ನೆಂಟರನ್ನು ಇಳಿಸಿಕೊಳ್ಳುವುದಕ್ಕೆ ಸರ್ಕಾರದ ಅಪ್ಪಣೆ ಏಕೆಂದು ಕೇಳುವವರುಂಟು. ಹಣ ಪಡೆದ ಮೇಲೆ ಹೊಣೆಯೂ ಬರುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಪಂಚಾಯತಿಯ ಅನುಮತಿ, ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಗಳನ್ನು ದಾಖಲಿಸುವ ಪುಸ್ತಕ ಇವು ಮೊದಲ ಅಗತ್ಯಗಳು. ವಿದೇಶೀಯರು ಬಂದರೆ 24 ಗಂಟೆಗಳೊಳಗಾಗಿ ಸಂಬಂಧಪಟ್ಟ ಅಧಿಕಾರಿಗಳಿಗೆ ವಿವರವನ್ನು ಸಲ್ಲಿಸಬೇಕು. ಕೃಷಿಭೂಮಿಯಲ್ಲಿ ನೆಂಟರಿಗೆಂದೇ ಹೊಸ ಕಟ್ಟಡವನ್ನು ಎಬ್ಬಿಸುವುದಾದರೆ ಭೂಪರಿವರ್ತನೆಯ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಮನೆಯಲ್ಲಿ ಮಾಡಿದ ವೈನಿಗೆ ಕೊಡಗಿನಲ್ಲಿ ಹೆಸರಿದೆ. ಆದರೆ ಪರವಾನಗಿಯಿಲ್ಲದೆ ಅದನ್ನು ಹಣಕ್ಕೆ ಮಾರಿದರೆ ಅಬಕಾರಿಯವರ ಅತಿಥಿಯಾಗಬೇಕಾದೀತು.

ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯವು ಹೋಂಸ್ಟೇಗಳಿಗೆ ಬೆಳ್ಳಿ, ಬಂಗಾರ ಎಂಬ ಎರಡು ದರ್ಜೆಗಳನ್ನು ಕೊಡುವ ಒಂದು ಯೋಜನೆಯನ್ನು ರೂಪಿಸಿತು. ಅದರಲ್ಲಿ ಎರಡು ನಿಯಮಗಳು ವಿಚಾರಯೋಗ್ಯವಾದವು. ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು, ಹಾಸಿಗೆಗಳು ಹನ್ನೆರಡನ್ನು ಮೀರಬಾರದು; ಮನೆಯ ಒಡೆಯರು ತಮ್ಮ ಸಂಸಾರದೊಡನೆ ಅಲ್ಲಿಯೇ ವಾಸವಾಗಿರಬೇಕು. ಇವು ಬರಿಯ ಕಚೇರಿಯ ಕಟ್ಟಳೆಗಳೆಂದು ಮೇಲುನೋಟಕ್ಕೆ ತೋರಬಹುದು. ಹೋಂಸ್ಟೇಗೂ ಹೋಟೆಲಿಗೂ ನಡುವಣ ಗಡಿಕಲ್ಲುಗಳು ಇವೇ.

ಮಳೆ ಹೇಳಿದ ಪಾಠ

2018ರ ಆಗಸ್ಟ್ ತಿಂಗಳನ್ನು ಕೊಡಗು ಮರೆಯುವಂತಿಲ್ಲ. ಎಡೆಬಿಡದೆ ಸುರಿದ ಮಳೆಗೆ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಸುತ್ತಮುತ್ತ ಬೆಟ್ಟಗಳ ಮಗ್ಗುಲೇ ಕಳಚಿ ಬಿದ್ದಿತು. ಮನೆಗಳು ತೋಟಗಳೊಡನೆ ಜಾರಿಹೋದುವು. ಜನ ಪ್ರಾಣವನ್ನು ಕಳೆದುಕೊಂಡರು. ಸಾವಿರಾರು ಮಂದಿ ಆಶ್ರಯಕೇಂದ್ರಗಳನ್ನು ಸೇರಿದರು. ಪ್ರವಾಸಿಗಳು ಬರಬಾರದೆಂದು ಜಿಲ್ಲಾಡಳಿತವೇ ಕೆಲಕಾಲ ತಡೆಯೊಡ್ಡಿತು. 2019ರ ಆಗಸ್ಟಿನಲ್ಲಿ ವಿರಾಜಪೇಟೆಯ ಕಡೆ ತೋರದಲ್ಲಿ ಬೆಟ್ಟ ಕುಸಿಯಿತು. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿಯ ಮಣ್ಣು ಜರಿದು ತಲಕಾವೇರಿಯ ಅರ್ಚಕರ ಮನೆಯೇ ಹೂತುಹೋಯಿತು. ಅದೇ ವರ್ಷ ಕೋವಿಡ್ ವ್ಯಾಧಿಯ ದೆಸೆಯಿಂದ ಮಾರ್ಚಿಯಿಂದಲೇ ಕೋಣೆಗಳಿಗೆ ಬೀಗ ಬಿದ್ದಿತ್ತು. ನೆಂಟರನ್ನೇ ನಂಬಿ ಸಾಲ ಮಾಡಿದ್ದವರಿಗೆ ಆ ಮೂರು ವರ್ಷಗಳು ಅಗ್ನಿಪರೀಕ್ಷೆಯಾದುವು. ಕಾಫಿಯನ್ನೂ ಮೆಣಸನ್ನೂ ಕೈಬಿಡದೆ ಕೋಣೆಗಳನ್ನು ಕೇವಲ ಆಸರೆಯಾಗಿ ಇಟ್ಟುಕೊಂಡಿದ್ದವರು ಹೇಗೋ ತೇಲಿದರು.

ಈ ಕುಸಿತಗಳಿಗೆ ಕಾರಣ ಅಪಾರ ಮಳೆಯೇ ಹೌದು. ಆದರೆ ಬೆಟ್ಟದ ಇಳಿಜಾರನ್ನು ಯಂತ್ರದಿಂದ ಲಂಬವಾಗಿ ಕಡಿದು ಸಮತಟ್ಟು ಮಾಡಿದ ಕಡೆ ಮಣ್ಣಿಗೆ ಆಧಾರ ತಪ್ಪುತ್ತದೆಂಬುದನ್ನು ತಿಳಿಯಲು ಭೂಗರ್ಭಶಾಸ್ತ್ರದ ಪದವಿ ಬೇಕಿಲ್ಲ. ಹಿರಿಯರು ಮನೆ ಕಟ್ಟುವಾಗ ನೀರು ಇಳಿಯುವ ಹಾದಿಯನ್ನು ಬಿಟ್ಟು ಕಟ್ಟುತ್ತಿದ್ದರು. ಕಣಿವೆಯ ನೋಟ ಚೆನ್ನಾಗಿ ಕಾಣುವ ಅಂಚಿನಲ್ಲಿಯೇ ಕೋಣೆ ಬೇಕು, ಕಾರು ಬಾಗಿಲವರೆಗೂ ಬರಬೇಕೆಂಬುದು ಹೊಸ ಕಾಲದ ನೆಂಟರ ಬಯಕೆ. ಆ ಬಯಕೆಗೆ ಬೆಟ್ಟ ತನ್ನ ಮೈಯನ್ನು ಕೊಡಬೇಕಾಗುತ್ತದೆ. ಕೊಡಗಿನಲ್ಲಿ ಜಾಗ ಕೊಳ್ಳುವವರು ನೋಟವನ್ನು ನೋಡುವುದಕ್ಕೆ ಮುಂಚೆ ಒಂದು ಮಳೆಗಾಲ ಕಾದಿದ್ದು ನೀರು ಎಲ್ಲಿ ಹರಿಯುತ್ತದೆಂಬುದನ್ನು ನೋಡಬೇಕು. ಶೌಚದ ಗುಂಡಿ ಯಾರ ಬಾವಿಯ ಮೇಲುಗಡೆ ಇದೆಯೆಂಬುದನ್ನೂ ನೋಡಬೇಕು. ಕೆಳಗೆ ವಾಸವಾಗಿರುವವರಿಗೆ ಅದು ಜೀವದ ಪ್ರಶ್ನೆ.

ಯಜಮಾನನಿಲ್ಲದ ಮನೆ

ಈಚೆಗೆ ಇನ್ನೊಂದು ಬಗೆಯ ಮನೆಗಳು ಹೆಚ್ಚುತ್ತಿವೆ. ಒಡೆಯ ಬೇರೆ ಊರಿನಲ್ಲಿರುತ್ತಾನೆ. ತೋಟದ ಮನೆಯನ್ನು ಕೊಂಡು, ಒಬ್ಬ ಕಾವಲುಗಾರನನ್ನು ಇಟ್ಟು, ಬೀಗದ ಕೈಯ ಬದಲು ಬಾಗಿಲಿಗೆ ಅಂಕೆಗಳ ಗುಂಡಿಯನ್ನು ಜೋಡಿಸಿ, ಎಲ್ಲವನ್ನೂ ಫೋನಿನಲ್ಲಿಯೇ ನಡೆಸುತ್ತಾನೆ. ನೆಂಟರು ಬರುತ್ತಾರೆ, ಇರುತ್ತಾರೆ, ಹೋಗುತ್ತಾರೆ; ಮನೆಯ ಯಾವ ಮುಖವನ್ನೂ ಕಾಣುವುದಿಲ್ಲ. ಲೋಕದ ಹಲವು ನಗರಗಳಲ್ಲಿ ಇಂತಹ ವ್ಯಾಪಾರ ನಡೆಯುತ್ತಿದೆ. ತನ್ನಷ್ಟಕ್ಕೆ ಅದರಲ್ಲಿ ದೋಷವಿಲ್ಲ. ಆದರೆ ಬೆಟ್ಟದ ನಾಡಿನಲ್ಲಿ ಅದಕ್ಕೆ ತೊಡಕುಗಳಿವೆ. ರಾತ್ರಿ ಹನ್ನೆರಡಕ್ಕೆ ವಿದ್ಯುತ್ತು ಹೋದರೆ, ಮಗುವಿಗೆ ಜ್ವರ ಬಂದರೆ, ಗೇಟಿನ ಬಳಿ ಆನೆ ನಿಂತಿದ್ದರೆ ಕಾವಲುಗಾರನೊಬ್ಬನೇ ಏನು ಮಾಡಿಯಾನು? ಪಕ್ಕದ ಮನೆಯವರು ಯಾರು, ಯಾರ ಬಳಿ ಜೀಪಿದೆ, ಯಾವ ವೈದ್ಯರು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯುತ್ತಾರೆ ಎಂಬುದು ಆ ಊರಿನಲ್ಲಿ ಬಾಳಿದವರಿಗೆ ಮಾತ್ರ ಗೊತ್ತು. ಮಳೆ ಜೋರಾದರೆ ‘ಈ ವಾರ ಬರಬೇಡಿ’ ಎಂದು ಮುಂಗಡವನ್ನು ಹಿಂದಿರುಗಿಸುವ ಧೈರ್ಯವೂ ಕಿಟಕಿಯಿಂದ ಬೆಟ್ಟವನ್ನು ನೋಡುತ್ತಿರುವವರಿಗೆ ಬರುತ್ತದೆ.

ಇದರಿಂದ ಹೊರಡುವ ತಾತ್ಪರ್ಯ ಸರಳವಾದುದು. ಹೋಂಸ್ಟೇಯಲ್ಲಿ ಬಾಡಿಗೆಗೆ ಸಿಕ್ಕುವುದು ಕೋಣೆಯೊಂದೇ ಅಲ್ಲ. ಆ ಮನೆಯವರ ಇರವು ಕೂಡ. ಜಮಾ–ಖರ್ಚು, ನೀರು, ಕಾನೂನು, ಮಳೆ ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ. ಅಲ್ಲಿ ಬಾಳುವ ಮನಸ್ಸಿದ್ದು, ಸಾಲವಿಲ್ಲದ ಸೂರಿದ್ದು, ಬೇರೊಂದು ಆದಾಯವಿದ್ದು, ಅಪರಿಚಿತರ ಮಕ್ಕಳ ಗಲಾಟೆ ಹಿತವೆನಿಸುವ ಸ್ವಭಾವವಿದ್ದವರು ಈ ಕೆಲಸಕ್ಕೆ ಧಾರಾಳವಾಗಿ ಇಳಿಯಬಹುದು. ಬೆಂಗಳೂರಿನಲ್ಲಿ ಕುಳಿತು ಕೊಡಗಿನಿಂದ ತಿಂಗಳು ತಿಂಗಳು ಹಣ ಬರಲೆನ್ನುವವರು ಬ್ಯಾಂಕಿನ ಠೇವಣಿಯನ್ನು ನಂಬುವುದು ಕ್ಷೇಮ. ಅದಕ್ಕೆ ಜಿಗಣೆಯ ಕಾಟವಿಲ್ಲ.

2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಹಾಗಾದರೆ ಇನ್ನು ನೆಂಟರ ಗೊಡವೆ ಏಕೆಂದು ನಾಪೋಕ್ಲಿನ ಯಜಮಾನರನ್ನು ಕೇಳಿದೆ. ಅವರು ತುಸು ಯೋಚಿಸಿ, ‘ಬೆಲೆ ಏರಿದ್ದು ಇಳಿಯುವುದನ್ನು ನಾನು ಕಂಡಿದ್ದೇನೆ. ಅದಿರಲಿ ಮೇಷ್ಟ್ರೇ, ಮಕ್ಕಳು ವರ್ಷಕ್ಕೊಮ್ಮೆ ಪುತ್ತರಿಗೆ ಬರುತ್ತಾರೆ. ಉಳಿದ ದಿನ ಇಷ್ಟು ದೊಡ್ಡ ಮನೆಯಲ್ಲಿ ನಾವಿಬ್ಬರೇ. ನೆಂಟರು ಬರುತ್ತಾರೆಂದು ಎಲ್ಲ ಕೋಣೆಗಳ ಕಿಟಕಿ ತೆಗೆದು ಗುಡಿಸುತ್ತೇವೆ. ಇಲ್ಲದಿದ್ದರೆ ಗೆದ್ದಲು ಹಿಡಿಯುತ್ತಿತ್ತು,’ ಎಂದರು.

ಮುಂದೆ ಆ ಮನೆಯನ್ನು ನಡೆಸುವವರು ಯಾರೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಕೊಡಗಿನ ಅನೇಕ ಮನೆಗಳಲ್ಲಿಯೂ ಇಲ್ಲ. ಮಗನೋ ಮಗಳೋ ಹಿಂದಿರುಗಿ ತೋಟವನ್ನೂ ಕೋಣೆಗಳನ್ನೂ ಕೈಗೆತ್ತಿಕೊಂಡ ಸಂಸಾರಗಳೂ ಇಲ್ಲದಿಲ್ಲ. ಅಂತಹ ಕಡೆ ಹೋಂಸ್ಟೇ ಮನೆಯನ್ನು ಉಳಿಸಿದೆ. ನಾವು ಪ್ರವಾಸ ಹೊರಡುವಾಗ ಯಾವ ಬಗೆಯ ಮನೆಯ ಬಾಗಿಲನ್ನು ತಟ್ಟುತ್ತೇವೆಂಬುದರ ಮೇಲೆಯೂ ಇದು ಸ್ವಲ್ಪ ಮಟ್ಟಿಗೆ ನಿಂತಿದೆ. ಕೋಣೆಯನ್ನು ಗೊತ್ತುಪಡಿಸುವ ಮುನ್ನ ಫೋನು ಮಾಡಿ, ‘ಮನೆಯವರು ಅಲ್ಲಿಯೇ ಇರುತ್ತೀರಾ?’ ಎಂದು ಒಂದು ಮಾತು ಕೇಳಿದರೆ ಸಾಕು. ಹೌದೆಂಬ ಉತ್ತರ ಬಂದರೆ, ಒಂದು ಶಾಲು, ಒಂದು ಕೊಡೆ, ಜಿಗಣೆಗಾಗಿ ಒಂದು ಪೊಟ್ಟಣ ಉಪ್ಪು ಕಟ್ಟಿಕೊಂಡು ಹೊರಡಬಹುದು.